ಹಲ್ಲಿಲ್ಲದ ಬಾಯಿಗೆ ಮೆತ್ತನೆಯ ತತ್ತಿ

ನಾನು ಹೆಬ್ಬಳ್ಳಿಯಿಂದ ಧಾರವಾಡಕ್ಕೆ ಸೊಸೆಯಾಗಿ ಬಂದ ಮರುವರ್ಷ ನಮ್ಮ ಮಾವನವರ ಹಲ್ಲುಗಳನ್ನೆಲ್ಲ ಕೀಳಿಸಬೇಕಾಯಿತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಬ್ಬಳ್ಳಿಯ ಡಾಕ್ಟರು ಉಳಿದಿದ್ದ ಒಂಬತ್ತು ಹಲ್ಲುಗಳನ್ನು ಒಂದೇ ದಿನ ಕಿತ್ತು ಕಳಿಸಿದರು. ಬಸ್ಸು ರಾಯಾಪುರ ದಾಟುವಷ್ಟರಲ್ಲಿ ಮಾವನವರ ಬಾಯಿಗೆ ಹಿಡಿದಿದ್ದ ಟವೆಲು ತೊಯ್ದುಹೋಗಿತ್ತು. ವಸಡು ಗಟ್ಟಿಯಾಗುವ ತನಕ ಹೊಸ ಹಲ್ಲು ಕಟ್ಟಲು ಬರುವುದಿಲ್ಲ, ಎರಡು ಮೂರು ತಿಂಗಳು ಮೆತ್ತಗಿನದನ್ನೇ ತಿನ್ನಲಿ ಎಂದಿದ್ದರು ಡಾಕ್ಟರು.

ಮಾವನವರು ಮಿಶನ್ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಭಾನುವಾರ ಚರ್ಚಿನಲ್ಲಿ ವಾಕ್ಯ ಓದುವುದು ಅವರೇ. ಅವರ ಬಾಯಲ್ಲಿ ಮರ್ಯಾದೆಯ ‘ರಿ’ ಇಲ್ಲದ ಮಾತೇ ಬರುತ್ತಿರಲಿಲ್ಲ. ಹಾಲಿನವಳಿಗೂ ‘ಬರ್ರಿ’, ನಿನ್ನೆ ಮೊನ್ನೆ ಬಂದ ಸೊಸೆ ನನಗೂ ‘ಕೂಡ್ರಿ’. ಅತ್ತೆಯೊಬ್ಬರಿಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ. ಅವರಿಗೆ ‘ಬಾ, ಹೋಗು, ನೀರು ತಾ’, ಅಷ್ಟೇ. ನನಗೆ ಇದು ಬಂದ ವಾರದಲ್ಲೇ ಕಣ್ಣಿಗೆ ಬಿದ್ದಿತ್ತು, ಸಿಟ್ಟೂ ಬಂದಿತ್ತು. ಹೊಸ ಸೊಸೆ, ತುಟಿ ಹೊಲಿದುಕೊಂಡು ಇದ್ದೆ.

ಹಲ್ಲು ಹೋದ ಮೇಲೆ ಅವರು ಊಟವನ್ನೇ ಬಿಟ್ಟರು. ಗಂಜಿ ಎರಡು ಚಮಚ ಬಾಯಿಗೆ ಹೋಗುವಷ್ಟರಲ್ಲಿ ವಾಕರಿಕೆ. ಅತ್ತೆ ತಮ್ಮ ರೂಢಿಯಂತೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಪುಡಿಪುಡಿಯಾಗಿ ಹುರಿದ ತತ್ತಿ ಪಲ್ಯ ಮಾಡಿ ಕೊಟ್ಟರು. ಖಾರ ವಸಡಿಗೆ ತಾಗಿ ಪಾಪ ಮನುಷ್ಯ ಗೋಡೆಗೆ ತಲೆಯಿಟ್ಟು ಕೂತುಬಿಟ್ಟರು. ಮೂರು ವಾರದಲ್ಲಿ ಕೋಟು ಗೂಟಕ್ಕೆ ತೂಗುಹಾಕಿದಂತೆ ಮೈಮೇಲೆ ಜೋಲಾಡತೊಡಗಿತು. ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾರೆ, ಹಾಲು ತತ್ತಿ ಏನಾದರೂ ಹೊಟ್ಟೆಗೆ ಹೋಗಲೇಬೇಕು ಎಂದು ಡಾಕ್ಟರು ನನ್ನ ಗಂಡನನ್ನು ಬೈದು ಕಳಿಸಿದರು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಹಠ ಬರುತ್ತದೆ, ಇವತ್ತಿಗೂ ಹಾಗೆಯೇ.

“ಏನ್ ಮಾಡಿಕೊಟ್ರ ನಿಮ್ಮ ಗಂಟಲದಾಗ ಇಳಿದೀತು, ಅದನ್ನರ ಹೇಳ್ರಿ ಮಾವನೋರ” ಎಂದೆ.

ಅವರು “ನನಗ ನೌಕರಿ ಸಿಕ್ಕ ದಿನಾ ಮಿಶನ್ ಬಂಗ್ಲಾದಾಗ ಪಾದ್ರಿ ಸಾಹೇಬರ ದೊರಸಾನಿಯವರು ತತ್ತಿ ಮಾಡಿ ಕೊಟ್ಟಿದ್ರು ನೋಡ್ರಿ. ಕೆನಿ ಹಂಗ ಇತ್ತು. ಹಲ್ಲು ಬೇಕಾಗಿದ್ದಿಲ್ಲ” ಎಂದರು.

ಮೂವತ್ತೈದು ವರ್ಷ ಹಿಂದಿನ ಈ ಕಥೆಯನ್ನು ಮನೆಮಂದಿಯೆಲ್ಲ ಹಬ್ಬಹುಣ್ಣಿಮೆಗೊಮ್ಮೆ ಕೇಳಿದವರೇ. ಅಕ್ಕಿ ಹಸನು ಮಾಡುತ್ತಿದ್ದ ಅತ್ತೆ ಮೊರ ಅಲ್ಲೇ ಬಿಟ್ಟು ಎದ್ದು ಕೋಳಿಗಳ ಕಡೆ ಹೋದರು.

ಮರುದಿನದಿಂದ ನಾನು ಶೇಗಡಿ ಒಲೆಯ ಮುಂದೆ ಕುಕ್ಕರಿಸಿದೆ. ಮೊದಲ ಸಲ ಇದ್ದಿಲು ನಿಗಿನಿಗಿ ಉರಿಯುತ್ತಿತ್ತು, ತತ್ತಿ ಚಪ್ಪಲಿ ಅಟ್ಟೆಯಂತಾಯಿತು. ಎರಡನೆಯ ದಿನ, ಕೆನೆ ಹಾಗಿತ್ತು ಎಂದರಲ್ಲ ಎಂದು ಹಾಲಿನ ಮೇಲಿನ ಕೆನೆಯನ್ನೇ ಎತ್ತಿ ಸುರಿದೆ. ಜಿಡ್ಡು ಒಂದು ಕಡೆ, ಗಂಟು ಒಂದು ಕಡೆ. ಮೂರನೆಯ ದಿನದ್ದು ಒಡೆದ ಹಾಲಿನ ಹಾಗಾಯಿತು. ಮಾವನವರು ಮೂಸಿ ನೋಡಿ “ಬ್ಯಾಡ್ರಿ” ಎಂದು ತಾಟು ಸರಿಸಿದರು.

“ನನ್ನ ಕೋಳಿ ತತ್ತಿ ಇಡೋದು ನಿನ್ನ ಆಟಕ್ಕಲ್ಲ. ಹಸೀದು ತಿನಿಸಿ ಅವರಿಗೆ ಇನ್ನೊಂದು ರೋಗಾ ಹಚ್ಚಬ್ಯಾಡ” ಎಂದರು ಅತ್ತೆ.

“ನಿಮ್ಮ ಕೋಳಿ ಇಡೂತನಕಾ ನಾ ಮಾಡಾಕಿನ” ಎಂದುಬಿಟ್ಟೆ. ಅತ್ತೆಯ ಎದುರು ಆಡಿದ ಮೊದಲ ಮಾತು ಅದು. ಆಡಿದ ಮೇಲೆ ಹಿಂದೆ ತೆಗೆದುಕೊಳ್ಳಲಿಲ್ಲ.

ನಾಲ್ಕನೆಯ ದಿನ ಮತ್ತೆ ಎರಡು ತತ್ತಿ ಒಡೆದೆ. ಅತ್ತೆ ನನಗೆ ಬೆನ್ನು ತಿರುಗಿಸಿ ಕೂತಿದ್ದರು. ನಾನು ಬೋಗುಣಿ ಇಡಬೇಕು ಎನ್ನುವಷ್ಟರಲ್ಲಿ ಬೆನ್ನೇ ಮಾತಾಡಿದಂತೆ ಕೇಳಿಸಿತು. “ಕೆಂಡದ ಮ್ಯಾಲ ಬೂದಿ ಎಳಿ.”

ಎಳೆದೆ.

“ಬೆಣ್ಣಿ ಹಾಕು. ಕರಗಬೇಕು, ಕಾಯಬಾರದು. ಈಗ ತತ್ತಿ. ತಿರುವು, ಕೈ ನಿಲ್ಲಸಬ್ಯಾಡ.”

ತಿರುವಿದೆ. ಎಷ್ಟು ಹೊತ್ತಾದರೂ ಅದು ನೀರು ನೀರೇ. ಕೈ ಸೋತಿತು. ಆಮೇಲೆ ಬೋಗುಣಿಯ ತಳದಲ್ಲಿ ಸಣ್ಣಗೆ ಹೆಪ್ಪುಗಟ್ಟುತ್ತ ಬಂತು.

“ಇಳಸು.”

“ಇನ್ನೂ ಆಗಿಲ್ರಿ.”

“ಇಳಸು ಅಂದೆ. ಉಳಿದದ್ದು ಬೋಗಣಿ ಬಿಸಿಗೇ ಆಗ್ತೈತಿ. ಪೂರಾ ಆಗೂ ತನಕಾ ಕಾಯ್ದಿ ಅಂದ್ರ ಕೆಟ್ಟಿ.” ಎದ್ದು ಬಂದು ಒಂದು ಚಮಚ ತಣ್ಣನೆಯ ಹಾಲು ಬಿಟ್ಟು ತಾವೇ ಎರಡು ಸುತ್ತು ತಿರುವಿದರು. ಬೋಗುಣಿಯೊಳಗೆ ಹಳದಿ ಬಣ್ಣದ ಕೆನೆ ಮಿರಿಮಿರಿ ಎನ್ನುತ್ತಿತ್ತು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. “ನಿಮಗ ಹೆಂಗ ಗೊತ್ತ್ರೀ?”

“ಆವಾಗ ನಾವು ಮಿಶನ್ ಬೋರ್ಡಿಂಗ್ ಹುಡುಗ್ಯಾರು ಪಾಳಿ ಪ್ರಕಾರ ಬಂಗ್ಲಾದಾಗ ಅಡಗಿ ಮಾಡತಿದ್ವಿ. ಅವತ್ತು ನನ್ನ ಪಾಳಿ. ತಾಟು ಒಯ್ದು ಕೊಟ್ಟಾಕಿ ದೊರಸಾನಿ, ಅಷ್ಟ.”

“ಮಾವನೋರಿಗೆ ಹೇಳಬೇಕಿತ್ತಲ್ರಿ?”

“ಲಗ್ನ ಆದ ಹೊಸದಾಗ ಹೇಳಿದೆ. ನಕ್ಕರು. ಅದೇನು ನಿನ್ನ ಕೈಯಾಗ ಬರೂದೇನು ಅಂದ್ರು. ಇನ್ನ ಈ ಜನ್ಮದಾಗ ಮಾಡೂದಿಲ್ಲ ಅಂತ ಅವತ್ತ ಬಿಟ್ಟೆ.” ಸೆರಗಿನಿಂದ ಕೈ ಒರೆಸಿಕೊಂಡರು. “ಒಯ್ದು ಕೊಡು, ಆರತೈತಿ. ನಾ ಹೇಳಿಕೊಟ್ಟೆ ಅನಬ್ಯಾಡ.”

ನನ್ನ ಹಠ ದೊಡ್ಡದು ಎಂದುಕೊಂಡಿದ್ದೆ. ಈ ಹೆಂಗಸು ಮೂವತ್ತಕ್ಕೂ ಹೆಚ್ಚು ವರ್ಷ ಪುಡಿ ಹುರಿದ ಪಲ್ಯವನ್ನೇ ಬಡಿಸುತ್ತ ಬಂದಿದ್ದರು!

ಮಾವನವರು ಮೊದಲ ಚಮಚವನ್ನು ಹೆದರುತ್ತಲೇ ಬಾಯಿಗಿಟ್ಟರು. ಎರಡನೆಯದಕ್ಕೆ ಹೆದರಲಿಲ್ಲ. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿ, “ಆ ದೊರಸಾನಿಯವರು ಮಾಡಿದ ಹಂಗ ಆಗೈತ್ರಿ” ಎಂದರು.

ಹೇಳಬೇಡ ಎಂದಿದ್ದರು ಅತ್ತೆ, ನಿಜ. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. “ಎಲ್ಲೀ ದೊರಸಾನಿ ಮಾವನೋರ? ಅವತ್ತ ಮಾಡಿದವರೂ ಅತ್ತಿಯೋರು, ಇವತ್ತ ಮಾಡಿದವರೂ ಅವರ. ಅವರು ಹೇಳಿದ್ರ ನೀವು ನಕ್ಕಿದ್ದಿರಂತ.”

ಚಮಚ ತಾಟಿನ ಅಂಚಿಗೆ ನಿಂತಿತು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ನುಂಗುವಂತೆ ನೋಡುತ್ತಿದ್ದರು. ಮಾವನವರು ತಲೆ ಎತ್ತಲಿಲ್ಲ. ಇನ್ನೆಲ್ಲಿ ತಾಟು ಸರಿಸಿಬಿಡುತ್ತಾರೋ, ನನ್ನ ಬಾಯಿಂದಲೇ ಅವರ ಊಟ ಕೆಟ್ಟಿತೋ ಎಂದು ನನ್ನ ಜೀವ ಹಾರಿತು. ಅವರು ತಾಟಿನಲ್ಲಿದ್ದುದನ್ನು ಕೊನೆಯ ತನಕ ತಿಂದು, ಬೆರಳಿನಿಂದ ಬಳಿದು, ತಾಟನ್ನು ಮುಂದೆ ಚಾಚಿದರು.

“ಇನ್ನೊಂದೀಟು ಹಾಕ್ರಿ.”

“ಕೇಳಿಸ್ತಿಲ್ಲೇನು? ನಿನಗ ಹೇಳಾಕತ್ತಾರ” ಎಂದರು ಅತ್ತೆ ನನಗೆ.

“ಅವರಿಗಲ್ಲ” ಎಂದರು ಮಾವನವರು ಅತ್ತೆಯ ಕಡೆ ತಿರುಗಿ. “ನಿಮಗ್ರಿ.”

ಅತ್ತೆ ಬಂದು ತಾಟು ಇಸಿದುಕೊಂಡರು. ಗೂಡಿನಲ್ಲಿ ಇನ್ನೂ ಎರಡು ತತ್ತಿ ಇವೆ, ತೆಗೆದುಕೊಂಡು ಬಾ, ಅವಸರ ಮಾಡಿ ಬರುವುದೇನೂ ಬೇಡ ಎಂದು ನನ್ನನ್ನು ಹೊರಗೆ ಕಳಿಸಿದರು.