ಗ್ಯಾರೇಜಿನವರೆಗೆ ಎಳೆದ ವೈರು

ಚಳಿಗಾಲದಲ್ಲಿ ಮೊದಲ ಸಲ ಹೀಟರ್ ಹಾಕಿದ ದಿನ ಕ್ರೇಗಿಬರ್ನಿನ ನನ್ನ ಮನೆಯಲ್ಲಿ ಧೂಳು ಸುಟ್ಟ ವಾಸನೆ ಬರುತ್ತದೆ. ನಿಮ್ಮಲ್ಲೂ ಬರುತ್ತಿರಬೇಕು. ನನಗೆ ಆ ವಾಸನೆ ಎಂದರೆ ನಾನು ಬೆಳೆದ ಡ್ಯಾಂಡಿನಾಂಗಿನ ಬಾಡಿಗೆ ಮನೆ, ಮರದ ಪೆಟ್ಟಿಗೆಯ ಹಳೇ ಸ್ಟೀರಿಯೊ, ಅದರ ಹಿಂದೆ ಮಂಡಿಯೂರಿ ಕೂತ ಅಪ್ಪ. ಆ ಸೆಟ್ಟನ್ನು ಯಾರೋ ಬೇಡವೆಂದು ಬೀದಿಯಲ್ಲಿ ಇಟ್ಟಿದ್ದರು. ಅಪ್ಪ ಹೊತ್ತು ತಂದಿದ್ದರು. ಇನ್ನೊಂದು ಸೆಟ್ಟನ್ನು ಸಿಡ್ನಿಯ ಸುಧೀಂದ್ರ ಅಂಕಲ್, ‘ಎಸೆಯೋ ಬದಲು ನಿನಗೇ ಇರಲಿ’ ಎಂದು ಕೊಟ್ಟಿದ್ದರು. ಅಪ್ಪ ಫ್ಯಾಕ್ಟರಿಯಲ್ಲಿ ವೆಲ್ಡರ್. ಅಂಕಲ್ ನಾರ್ತ್ ಸಿಡ್ನಿಯಲ್ಲಿ ದೊಡ್ಡ ಇಂಜಿನಿಯರ್. ಮೈಸೂರಿನಲ್ಲಿ ಅವರ ಮನೆಗೆ ಅಡುಗೆಗೆ ಹೋಗುತ್ತಿದ್ದವರು ನಮ್ಮಜ್ಜಿ, ಅಪ್ಪನ ಅಮ್ಮ. ಅಂಕಲ್ ಬೆಳೆದದ್ದೇ ಅವರ ಕೈತುತ್ತು ತಿಂದು.

ಅಜ್ಜಿ ತೀರಿಹೋಗಿದ್ದರು, ಅವರು ಹಾಡಿದ ಆರತಿ ಹಾಡಿನ ಒಂದು ಕ್ಯಾಸೆಟ್ ಉಳಿದಿತ್ತು. ಗೌರಿ ಹಬ್ಬದ ಸಂಜೆ ಹೆಂಗಸರೆಲ್ಲ ಮುಂದಿನ ರೂಮಿನಲ್ಲಿ ಗೌರಿಯೆದುರು, ಗಂಡಸರು ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ನಮ್ಮ ಹಬ್ಬಗಳೆಲ್ಲ ಆಗ ಹೀಗೇ. ಆ ವರ್ಷ ಅಂಕಲ್ ಬರುವವರಿದ್ದರು. ಆರತಿಯ ಹೊತ್ತಿಗೆ ಅಜ್ಜಿ ಎರಡೂ ಕಡೆ ಒಟ್ಟಿಗೆ ಹಾಡಬೇಕು, ಅದನ್ನು ಅಂಕಲ್ ಕೂತು ಕೇಳಬೇಕು ಎಂದು ಅಪ್ಪನ ಆಸೆ. ಅದಕ್ಕೇ ಎರಡು ಸೆಟ್ಟುಗಳನ್ನು ಜೋಡಿಸಲು ಹೊರಟಿದ್ದು. ವೆಲ್ಡಿಂಗ್ ಮಾಡುವವರ ಬುದ್ಧಿ ನೋಡಿ, “ಕರೆಂಟು ಜೋರಿರೋ ಕಡೆಯಿಂದಾನೇ ಎಳೀಬೇಕು” ಎಂದು ರೂಮಿನ ಸೆಟ್ಟಿನ ಸ್ಪೀಕರ್ ವೈರನ್ನೇ ಗ್ಯಾರೇಜಿನವರೆಗೆ ಎಳೆದು, ಅಂಕಲ್ ಕೊಟ್ಟ ಸೆಟ್ಟಿನ ಇನ್‌ಪುಟ್ಟಿಗೆ ಸಿಕ್ಕಿಸುತ್ತಿದ್ದರು.

ಅಂಕಲ್ ಕೋಸಂಬರಿ ತಿನ್ನುತ್ತಾ ಪಕ್ಕದಲ್ಲೇ ನಿಂತಿದ್ದರು.

“ನೀವು ಇಂಜಿನಿಯರ್ರು, ಸ್ವಲ್ಪ ನೋಡಬಾರದಾ ಸಾರ್?” ಎಂದರು ಯಾರೋ.

“ಇರ್ರೀ, ನಮ್ಮ ನಾಗ ಏನ್ ಮಾಡ್ತಾನೆ ನೋಡೋಣ.”

ಅಮ್ಮ ಆರತಿ ಎತ್ತಿದರು. ಅಪ್ಪ ಸ್ವಿಚ್ ಹಾಕಿದರು. ಗ್ಯಾರೇಜಿನಲ್ಲಿ ಅಜ್ಜಿಯ ದನಿ ತಗಡು ಹರಿದ ಹಾಗೆ ಕಿರುಚಿತು, ಆಮೇಲೆ ಟಪ್ ಎಂದಿತು, ಹೊಗೆ ಬಂತು. ರೂಮಿನಲ್ಲೂ ಹಾಡು ನಿಂತಿತು. ಗಂಡಸರೆಲ್ಲ ನಕ್ಕರು.

“ಸ್ಪೀಕರಿಗೆ ಹೋಗೋ ಜೋರು ಕರೆಂಟನ್ನ ತಂದು ಇನ್‌ಪುಟ್ಟಿಗೆ ಕೊಡ್ತಾರೇನೋ? ಹಿಂದುಗಡೆ ಟೇಪ್ ಔಟ್ ಅಂತ ತೂತಿರುತ್ತೆ, ಅಲ್ಲಿಂದ ತಗೋಬೇಕು” ಎಂದರು ಅಂಕಲ್.

“ನಿಮಗೆ ಮೊದಲೇ ಗೊತ್ತಿತ್ತಾ?” ಅಪ್ಪ ಮೆಲ್ಲಗೆ ಕೇಳಿದರು.

“ಗೊತ್ತಿಲ್ದೆ ಏನು. ಸುಟ್ಟರೆ ತಾನೇ ನಿನಗೆ ಬುದ್ಧಿ ಬರೋದು. ಪಾಪ, ನಿಮ್ಮಮ್ಮ ಸತ್ತ ಮೇಲೂ ನಮ್ಮನೆಯವರಿಗೆ ದುಡೀಬೇಕು ಅಂತೀಯಲ್ಲೋ.”

ಮತ್ತೆ ನಗು. ಅಪ್ಪ ವೈರು ಸುತ್ತಿಟ್ಟು, ಕೈ ತೊಳೆದು ಬಂದು ಎಲ್ಲರಿಗೂ ಬಡಿಸಿದರು. ಅಂಕಲ್‌ಗೆ ಒಬ್ಬಟ್ಟಿನ ಮೇಲೆ ತುಪ್ಪವನ್ನೂ ಹಾಕಿದರು.

ಮುಂದೆ ನಾನು ಎಲೆಕ್ಟ್ರಿಕಲ್ ಓದಿದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟಿದ್ದೇನೆ. ಅಪ್ಪ ಮಾಡಿದ್ದು ಒಂದು ನಿಮಿಷದಲ್ಲಿ ತಿದ್ದಬಹುದಾದ ತಪ್ಪು. ಅಂಕಲ್ ಹತ್ತಿರ ಆ ಒಂದು ನಿಮಿಷ ಇತ್ತು.

ಈಗ ಅಪ್ಪ ಇಲ್ಲ. ಆ ಮನೆಯನ್ನೂ ಒಡೆದು ಟೌನ್‌ಹೌಸ್ ಕಟ್ಟಿದ್ದಾರೆ. ಆ ಹಬ್ಬದ ನಂತರ ಅಪ್ಪ ಕ್ಯಾಸೆಟ್ಟನ್ನು ಮನೆಯೊಳಗೆ ಹಾಕಲೇ ಇಲ್ಲ. ಭಾನುವಾರ ಡ್ರೈವ್‌ವೇಯಲ್ಲಿ ನಿಂತ ಕಾರಿನೊಳಗೆ ಕೂತು, ಕಿಟಕಿಗಳನ್ನೆಲ್ಲ ಏರಿಸಿಕೊಂಡು ಕೇಳುತ್ತಿದ್ದರು. ಅಡುಗೆಮನೆಯಿಂದ ನನಗೂ ಅಮ್ಮನಿಗೂ ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅಜ್ಜಿ ಕೇಳಿಸುತ್ತಿರಲಿಲ್ಲ.