ಲಟ್ಟಣಿಗೆಯ ಒಂದು ತುದಿ

ನಮ್ಮ ಲಟ್ಟಣಿಗೆಯ ಒಂದು ಹಿಡಿಕೆಯಲ್ಲಿ ಇನ್ನೂ ಗ್ರೀಸಿನ ವಾಸನೆ ಇದೆ. ಎಷ್ಟು ತೊಳೆದರೂ ಹೋಗಿಲ್ಲ. ಚಪಾತಿ ಲಟ್ಟಿಸುತ್ತ ಕೈ ಬೆಚ್ಚಗಾದಾಗ, ಗೋಧಿ ಹಿಟ್ಟಿನ ವಾಸನೆಯ ಅಡಿಯಿಂದ ಅದು ಮೆಲ್ಲಗೆ ಏಳುತ್ತದೆ. ಅದರ ಹಿಂದೆಯೇ ಕೇಶ್ವಾಪುರದ ನಮ್ಮ ಅಂಗಳ, ಹತ್ತಿಯ ಚೀಲಗಳು, ಹೊಟ್ಟೆ ಬಿಚ್ಚಿಕೊಂಡು ನಿಂತ ಜೀಪು, ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತ ಶಾಂತಕ್ಕ. ಆಗಿನ ನನ್ನ ನೋಟ್‌ಬುಕ್ಕುಗಳೂ ಜೊತೆಗಿವೆ. ಹತ್ತು ವರ್ಷದವಳಿದ್ದಾಗಿನಿಂದ ನಾನು ದಿನವೂ ವಾರ, ತಿಥಿ, ಮಳೆ ಬಂತೋ ಇಲ್ಲವೋ, ಮನೆಯಲ್ಲಿ ಮಂದಿ ಎಷ್ಟು ಎಂದು ಬರೆದಿಡುತ್ತಿದ್ದೆ. ಮಂದಿ ಯಾವಾಗಲೂ ಮೂರು: ಅಪ್ಪ, ಅಕ್ಕ, ನಾನು. ಅವ್ವ ಹೋದ ಮೇಲೆ ಬರೆಯಲು ಕಲಿತವಳು ನಾನು. ನಾಲ್ಕು ಎಂದು ಬರೆದದ್ದೇ ಇಲ್ಲ.

ಅಪ್ಪ ಹತ್ತಿ ವ್ಯಾಪಾರಿ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಜೀಪೊಂದನ್ನು ಹಿಡಿದು ತಂದಿದ್ದ. ನಾಲ್ಕೂ ಗಾಲಿ ಎಳೆಯುವ ಗಾಡಿ, ಕಪ್ಪು ಎರಿ ಹೊಲದ ಕೆಸರಿಗೂ ಬಗ್ಗುವುದಿಲ್ಲ ಎಂದು ಅವನಿಗೆ ಬಲು ಹೆಮ್ಮೆ. ಆ ವರ್ಷದ ಜ್ಯೇಷ್ಠದಲ್ಲಿ, ಧಾರವಾಡದ ದಾರಿಯ ಏರಿನಲ್ಲಿ, ಎಂಜಿನ್ ಒದರಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಬಂತು. ನಾಲ್ಕು ಗಾಲಿಯ ಗಾಡಿಯನ್ನು ಕೊನೆಗೆ ಎರಡು ಎತ್ತು ಮನೆಗೆ ಎಳೆದು ತಂದವು. ಗೋಪನಕೊಪ್ಪದಿಂದ ಮೇಸ್ತ್ರಿ ಇಮಾಮಸಾಬ ಮಾಮಾ ಬಂದು, ಅಡಿಗೆ ತೂರಿ, ನಗುತ್ತ ಹೊರಬಂದರು. "ಸಾವ್ಕಾರ್ರ, ಇದು ಚಕ್ಕಡಿ ಅಲ್ಲರಿ. ಎತ್ತಿನ ನಡುವಿನ ಮೂಕಿ ಮ್ಯಾಲ ಕಾಲು ಇಟ್ಟಂಗ ಹಗಲೆಲ್ಲಾ ಕ್ಲಚ್ ಮ್ಯಾಲ ಎಡಗಾಲು ಇಟ್ಟೀರಿ. ಪ್ಲೇಟು ಸವದು ಹಪ್ಪಳ ಆಗೇತಿ." ಅಪ್ಪ ತನ್ನ ಎಡಗಾಲನ್ನೇ ನೋಡಿಕೊಂಡ. "ಕಾಲಿಗೂ ಎಲ್ಲ್ಯರ ಆಸರಾ ಬೇಕಲ್ಲೋ ಇಮಾಮಸಾಬ" ಎಂದ.

ಜೀಪು ಬೇಗ ರಿಪೇರಿಯಾಗಬೇಕಿತ್ತು. ಅವಸರಕ್ಕೆ ಕಾರಣವಿತ್ತು. ಅಕ್ಕನ ಮದುವೆಯಾಗಿ ವರ್ಷವಾಗಿತ್ತು. ನಮ್ಮಿಬ್ಬರಿಗಾಗಿ ಅವಳು ಹೆಬ್ಬಳ್ಳಿಯ ಗಂಡನ ಮನೆಗೆ ಹೋಗದೆ ಉಳಿದಿದ್ದಳು. ಇನ್ನು ತಡೆಯಲಾಗದು ಎಂದು ಆ ಮನೆಯವರು ಹೇಳಿ ಕಳಿಸಿದ್ದರು. ಬುಧವಾರ ಮಣ್ಣೆತ್ತಿನ ಅಮಾವಾಸ್ಯೆ, ಅದರ ಮರುದಿನದಿಂದ ಆಷಾಢ. ಆಷಾಢದಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆ ತುಂಬಿಸುವುದಿಲ್ಲ. ಮಳೆ ಬಿದ್ದು ಹೆಬ್ಬಳ್ಳಿಯ ದಾರಿ ಚಕ್ಕಡಿಯ ಗಾಲಿಯನ್ನು ನಡುವಿನ ಗುಂಬದವರೆಗೆ ನುಂಗುತ್ತಿತ್ತು. ಮಂಗಳವಾರ, ಅಮಾವಾಸ್ಯೆಯಂದು ಮಗಳನ್ನು ಕಳಿಸುವಂತಿಲ್ಲ. ಜೀಪು ಸೋಮವಾರ ಹೊರಡಬೇಕು, ಇಲ್ಲವಾದರೆ ಅಕ್ಕ ಇನ್ನೊಂದು ತಿಂಗಳು ನಮ್ಮವಳು. ಈ ಲೆಕ್ಕವನ್ನು ನನ್ನಷ್ಟು ಸರಿಯಾಗಿ ಯಾರೂ ಮಾಡಿರಲಿಲ್ಲ.

ಶನಿವಾರ ಕೆಲಸ ಶುರುವಾಯಿತು. ಒಳಗಿನ ತಗಡು ತೆಗೆದು, ಮುಂದಿನ ಹಿಂದಿನ ಎರಡೂ ಶಾಫ್ಟ್ ಬಿಚ್ಚಿ, ಭಾರದ ಗಿಯರ್ ಬಾಕ್ಸನ್ನು ಹಿಂದಕ್ಕೆ ಜಾರಿಸಿ, ಕೂಸನ್ನು ಮಲಗಿಸುವಂತೆ ಹತ್ತಿ ತುಂಬಿದ ಚೀಲದ ಮೇಲೆ ಇಳಿಸಿದರು. ಬಿಚ್ಚಿದ್ದನ್ನೆಲ್ಲ ನಾನು ಹಿಟ್ಟು ನಾದುವ ಪರಾತದಲ್ಲಿ ಸಾಲಾಗಿಟ್ಟು ಬರೆದುಕೊಂಡೆ. ಕ್ಲಚ್ಚಿನ ಬೋಲ್ಟು ಆರು. ಮಾಮಾ ನನ್ನನ್ನು, ಶಾಲೆಯ ಟೀಚರನ್ನು ಕರೆಯುವಂತೆ, "ಲೆಕ್ಕದ ಬಾಯಾರ" ಎಂದು ಕರೆಯುತ್ತಿದ್ದರು. ಮುಂಬಯಿಯಿಂದ ಬಂದ ಹೊಸ ಪ್ಲೇಟನ್ನು ನಟ್ಟನಡುವೆ ಕೂಡಿಸಬೇಕು. ಕೂದಲೆಳೆ ಸರಿದರೂ ಗಿಯರ್ ಬಾಕ್ಸ್ ಒಳಗೆ ಹೋಗುವುದಿಲ್ಲ. ಅದಕ್ಕೆ ಪ್ಲೇಟಿನ ತೂತಿನಲ್ಲಿ ಹಾಯುವ ನೆಟ್ಟನೆಯ ಗೂಟ ಬೇಕಿತ್ತು. "ಶಾಂತವ್ವಾ, ನಿನ್ನ ಲಟ್ಟಣಿಗಿ ಕೊಡವಾ. ಈ ಮನ್ಯಾಗ ನೆಟ್ಟಗ ಇರೋದು ಅದೊಂದ ನೋಡು." ಅಕ್ಕ ಕೊಟ್ಟಳು. "ತಗೋರಿ ಮಾಮಾ. ಹೋಳಿಗಿ ಮಾಡೂ ಮುಂದ ನಿಮ್ಮ ಬೋಲ್ಟ್ ಬಿಗಿಯೂ ಪಾನಾ ಕೇಳತೇನಿ ಮತ್ತ." ಓಣಿಯ ಬಡಗಿ ಒಂದು ಹಿಡಿಕೆಯನ್ನು ಅಳತೆಗೆ ಸರಿಯಾಗಿ ಕೆತ್ತಿಕೊಟ್ಟು, ಹಬ್ಬಕ್ಕೆಂದು ತನ್ನ ಊರಿಗೆ ಹೋದ.

ರವಿವಾರ ಬೆಳಿಗ್ಗೆ ಲಟ್ಟಣಿಗೆ ಇರಲಿಲ್ಲ. ಚೀಲ ಸರಿಸಿದರು, ಸೀಟು ಎತ್ತಿದರು. "ಬೋಲ್ಟ್ ಕಳೀತಾವ, ನಟ್ ಕಳೀತಾವ. ಲಟ್ಟಣಿಗಿ ಕಳಕೊಂಡ ಮೇಸ್ತ್ರಿ ನಾನ ಮೊದಲನೇವ" ಎಂದು ಮಾಮಾ ನಕ್ಕರು, ಆಮೇಲೆ ನಗಲಿಲ್ಲ. "ಲೆಕ್ಕದ ಬಾಯಾರ, ನಿಮ್ಮ ಪಟ್ಟ್ಯಾಗ ಏನೈತಿ?" ಎಂದು ನನ್ನನ್ನು ಕೇಳಿದರು. "ಅದನ್ನ ಬರಕೊಂಡಿಲ್ಲರಿ" ಎಂದೆ. ಬರೆದುಕೊಂಡಿದ್ದ ಸಾಲನ್ನು ಅಷ್ಟೊತ್ತಿಗಾಗಲೇ ಹೊಡೆದುಹಾಕಿದ್ದೆ. ಅಪ್ಪ ಕಟ್ಟೆಯ ಮೇಲೆ ಕುಳಿತು, "ಬಡಗಿ ಬರೂದು ಅಮಾಸಿ ಆದ ಮ್ಯಾಲೆ. ಹಂಗಾರ ಆಷಾಢ ಮುಗೀಲಿ ಬಿಡು" ಎಂದ. ಆ ಮಾತಿನಲ್ಲಿ ಬೇಸರವಲ್ಲದ ಇನ್ನೇನೋ ಇತ್ತು. ಅದನ್ನು ನಾನು ಎಲ್ಲಿಯೂ ಬರೆಯಲಿಲ್ಲ.

ರೊಟ್ಟಿಗೆಂದು ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದ ಅಕ್ಕ ನನ್ನನ್ನು ಒಳಗೆ ಕರೆದಳು. ಬೈಯುತ್ತಾಳೆಂದು ನಿಂತೆ. ಅವಳು ಹಿಟ್ಟು ಕೊಡವಿ ಲಟ್ಟಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಆಷಾಢ ಎಷ್ಟ ದಿನ, ಎಣಿಸೀಯೇನ?"

"ಮೂವತ್ತು."

"ಮೂವತ್ತೊಂದನೇ ದಿನಕ್ಕ ಏನ ಮುಚ್ಚಿಡ್ತಿ?"

ಅವಳು ಲಟ್ಟಣಿಗೆಯನ್ನು ನನ್ನ ಕೈಗಿಟ್ಟಳು. "ನೀನ ಹೋಗಿ ಕೊಡು. ನನ್ನ ನೀನ ಕಳಸಬೇಕು, ನೀಲಿ. ಅಪ್ಪನ ಕೈಲೆ ಆಗೂದಿಲ್ಲ."

ಅಂಗಳ ದಾಟಿ ಹೋಗಿ ಕೊಟ್ಟೆ. ಮಾಮಾ ಅದಕ್ಕೆ ಹತ್ತಿದ್ದ ಹಿಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಅದನ್ನು ಲುಂಗಿಗೆ ಒರೆಸಿದರು. ಆರು ಬೋಲ್ಟನ್ನೂ ನಾನೇ ಒಂದೊಂದಾಗಿ ಕೊಟ್ಟೆ; ಅವರು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದು, ಲಟ್ಟಣಿಗೆಯನ್ನು ಎಳೆದು ತೆಗೆದರು. ಗಿಯರ್ ಬಾಕ್ಸ್ ಮೊದಲ ಸಲಕ್ಕೇ ಒಳಗೆ ಹೋಯಿತು. ಸೋಮವಾರ ಬೆಳಿಗ್ಗೆ ಅಕ್ಕ ಉಡಿ ತುಂಬಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ಅಪ್ಪ ಎಡಗಾಲನ್ನು ಪೆಡಲಿನಿಂದ ತೆಗೆದು ಬದಿಗಿಟ್ಟ. ಸುಟ್ಟ ವಾಸನೆ ಇಲ್ಲದೆ, ಒಂದು ಜಗ್ಗು ಸಹ ಇಲ್ಲದೆ ಗಾಡಿ ಹೊರಟಿತು. ಅಷ್ಟು ನುಣ್ಣಗೆ ಅದು ಎಂದೂ ಹೊರಟಿರಲಿಲ್ಲ.

ಈಗ ಆ ಮನೆ ಇದ್ದಲ್ಲಿ ಅಂಗಡಿಗಳಿವೆ. ಜೀಪು ಯಾರದೋ ಕೈಗೆ ಹೋಯಿತು. ಅಪ್ಪ ಹೋದ, ಅಕ್ಕ ಮೂರನೆಯ ಬಾಣಂತನದಲ್ಲಿ, ಅದೇ ಹೆಬ್ಬಳ್ಳಿಯಲ್ಲಿ, ಹೋದಳು. ಆ ಸೋಮವಾರದ ಪುಟವನ್ನು ಆಗಾಗ ತೆಗೆಯುತ್ತೇನೆ: ಮಳೆ ಇಲ್ಲ, ಬೋಲ್ಟು ಆರು, ಉಳಿದದ್ದು ಏನೂ ಇಲ್ಲ, ಮನೆಯಲ್ಲಿ ಮಂದಿ ಎರಡು. ಆ ಸಂಜೆ ಮೊದಲ ಸಲ ನಾನೇ ಚಪಾತಿ ಮಾಡಿದೆ. ಕೆತ್ತಿದ ಹಿಡಿಕೆ ಎಡಗೈಯಲ್ಲಿ ನಿಲ್ಲದೆ ಎಲ್ಲವೂ ಒಂದು ಮಗ್ಗುಲಿಗೆ ದಪ್ಪಗಾದವು. ಅಪ್ಪ ಅವನ್ನೇ ಉಂಡ. ಕೈ ಇನ್ನೂ ಹಾಗೆಯೇ ಜಾರುತ್ತದೆ. ಬೇರೆ ಲಟ್ಟಣಿಗೆಯನ್ನು ನಾನು ಕೊಂಡಿಲ್ಲ.