ಸೆರಗಿನ ಒಳಗಿನ ದರ

ಎಮ್ಮಿ ಸಾಕಿದ್ರ ಸದಲಗಾದ ತುಳಸವ್ವನಂಗ ಸಾಕಬೇಕ್ರಿ! ಸಣ್ಣ ಕರ ತಂದು, ಮೇವು ಹಾಕಿ, ಮೈ ತಿಕ್ಕಿ, ಗಬ್ಬಾದ ಮ್ಯಾಲೆ ಮಾರೂದು ಆಕಿ ಧಂದೆ. ಗಂಡ ಸಕ್ಕರಿ ಕಾರಖಾನಿ ಪಾಳಿಯೊಳಗ. ಎಮ್ಮಿ ಸಗಣಿಯಿಂದ ಹಿಡದು ಔಷಧ ಕುಡಿಸೂ ತನಕ ಎಲ್ಲಾ ಈಕೀನ.

ಆದ್ರ ಮಾರೂ ದಿನ ಬಂತಂದ್ರ ಹಗ್ಗ ಭಾವ ಜ್ಞಾನದೇವನ ಕೈಗೆ. ಯಾಕಂದ್ರ ಚಿಕ್ಕೋಡಿ ದನದ ಸಂತಿಯೊಳಗ ದರ ಬಾಯಿಲೆ ಆಡೂದಿಲ್ಲ. ಟವೆಲ್ ಹೊಚ್ಚಿ, ಅದರ ಒಳಗ ಕೈಯಾಗ ಕೈ ಇಟ್ಟು, ಬೆರಳ ಹಿಡದು ಹೇಳೂದು. ಹೆಣ್ಮಗಳು ಪರಗಂಡಸಿನ ಕೈ ಹಿಡಿಯಾಕ ಆಗತೈತೇನು? ಒಳಗ ಏನ ಆತೋ, ಭಾವ ತಂದು ಕೊಟ್ಟದ್ದ ಖರೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರಿ! ಕೇಳಿದ್ರ, "ಸಂತಿ ಮಾತು ನಿನಗ್ಯಾಕವಾ?" ಅಂತಿದ್ದ.

ಈ ಸಲ ತುಳಸವ್ವ ಹಗ್ಗ ಬಿಡಲಿಲ್ಲ. ತಾನ ಎಮ್ಮಿ ಹೊಡಕೊಂಡು ಸಂತಿಗೆ ಬಂದು ನಿಂತಳು.

ದಲಾಲಿ ಮುರಗೆಪ್ಪ ಹಲ್ಲು ಕಿರದ. "ತುಳಸವ್ವಾ, ಜ್ಞಾನದೇವ ಎಲ್ಲಿ? ಕೈ ಯಾರ ಕೊಡವರು?"

"ಎಮ್ಮಿ ನಂದ್ರಿ ಮಾಮಾ. ದರ ಬಾಯಿಲೆ ಹೇಳ್ರಿ."

"ಬಾಯಿಲೆ ಹೇಳಾಕ ಇದೇನ್ ಕಾಯಿಪಲ್ಲೆ ಸಂತಿ ಏನವಾ?"

ಸುತ್ತಿನ ಮಂದಿ ಹೋ ಅಂತ ನಕ್ಕರು. ಬಿಸಲೇರಿತು. ಒಬ್ಬರೂ ಹತ್ರ ಬರಲಿಲ್ಲ. ಎಮ್ಮಿ ಹಂಗ ಹೊಳ್ಳಿ ಹೋತಂದ್ರ, ಆ ಹಗ್ಗ ಇನ್ನ ಆಯುಷ್ಯಪೂರ್ತಿ ಭಾವನ ಕೈಯಾಗ.

ಅಷ್ಟರಾಗ ಬೋರಗಾಂವದ ಕಮಲಾಬಾಯಿ ಬಂದಳು. ಹಾಲಿನ ಧಂದೆ ಮಾಡಾಕಿ. ಕೆಚ್ಚಲ ಮುಟ್ಟಿ ನೋಡಿದ್ದ ತಡ, ಎಮ್ಮಿ ಮ್ಯಾಲೆ ಮನಸು ಕುಂತಿತು. ಮುರಗೆಪ್ಪ ಓಡಿ ಬಂದ. "ಬಾಯಾರ, ನಿಮ್ಮ ಕಡಿ ಗಂಡಸರು ಯಾರದಾರ?"

ತುಳಸವ್ವಗ ಪಟ್ಟನ ಹೊಳೀತು. ಸೆರಗ ಎಳದು ಕಮಲಾಬಾಯಿ ಕೈ ಮ್ಯಾಲೆ ಹೊಚ್ಚಿ, ಒಳಗ ಕೈ ಹಿಡದಳು.

"ಅಯ್ಯ, ನನಗ ಬೆರಳಿನ ಲೆಕ್ಕ ಬರೂದಿಲ್ಲವಾ!"

"ನಮ್ಮಪ್ಪ ಆಟದಾಗ ನನಗ ಕಲಿಸ್ಯಾನ್ರಿ ಅಕ್ಕಾರ. ಹಿಡೀರಿ, ನಾ ಹೇಳಿಕೊಡ್ತೀನಿ."

ಒಂದು ಬೆರಳ ಹಿಡದಳು, ಇನ್ನೊಂದ ಹಿಡದಳು. ಕಮಲಾಬಾಯಿ ತಲಿ ಅಲ್ಲಾಡಿಸಿದಳು. ತುಳಸವ್ವ ಮತ್ತೊಂದು ಬೆರಳ ಒತ್ತಿದಳು. ಇಬ್ಬರೂ ಕಿಸಕ್ಕನ ನಕ್ಕರು. ಮುರಗೆಪ್ಪ ಕುತ್ತಿಗಿ ಉದ್ದ ಮಾಡಿದ, ಬಗ್ಗಿ ನೋಡಿದ. ಸೆರಗ ಎತ್ತಿ ನೋಡಾಕ ಯಾವ ಗಂಡಸಿಗೆ ಧೈರ್ಯ ಐತ್ರಿ? ದರ ಕುದುರಿತು, ಎಮ್ಮಿ ಬೋರಗಾಂವದ ದಾರಿ ಹಿಡೀತು.

ಸಂಜಿಕ ಜ್ಞಾನದೇವ ಕಟ್ಟಿ ಮ್ಯಾಲೆ ಕುಂತು ಕಾಯಾಕತ್ತಿದ್ದ. "ಎಷ್ಟಕ್ಕ ಕೊಟ್ಟಿವಾ?"

ತುಳಸವ್ವ ಖಾಲಿ ಹಗ್ಗ ಗೂಟಕ್ಕ ಹಾಕಿ, ಸೆರಗ ಸೊಂಟಕ್ಕ ಸಿಗಿಸಿದಳು.

"ಸಂತಿ ಮಾತು ನಿಮಗ್ಯಾಕ್ರಿ ಭಾವಾ?"